ಆರು ತಿಂಗಳ ನೇಮ

ಮಣ್ಣು ಅನ್ನವನ್ನು ಕೊಡುತ್ತದೆ ಎಂಬುದನ್ನು ಒಕ್ಕಲುತನದ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಮಣ್ಣು ಔಷಧವನ್ನೂ ಕೊಡುತ್ತದೆ ಎಂಬ ಸಂಗತಿ ಮಾತ್ರ ಅನೇಕರ ಲಕ್ಷ್ಯಕ್ಕೆ ಬಂದಿರಲಾರದು. ಒಂದು ಹಿಡಿ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳು ಬಾಳುತ್ತವೆ. ಇಕ್ಕಟ್ಟಾದ ಆ ಲೋಕದಲ್ಲಿ ಕೆಲವು ಜೀವಿಗಳು ನೆರೆಯ ಜೀವಿಗಳ ಬೆಳವಣಿಗೆಯನ್ನು ತಡೆಯುವ ರಸಗಳನ್ನು ತಯಾರಿಸುತ್ತವೆ. ನಾವು ಆಂಟಿಬಯಾಟಿಕ್ ಎಂದು ಕರೆಯುವ ಪ್ರತಿಜೀವಕ ಔಷಧಗಳಲ್ಲಿ ಅನೇಕವು ಇಂಥ ರಸಗಳಿಂದಲೇ ಹುಟ್ಟಿದವು. ಅವುಗಳಲ್ಲಿ ‘ರಿಫಮೈಸಿನ್’ ಎಂಬ ಹೆಸರಿನದೊಂದು ಕುಟುಂಬವಿದೆ. ಕ್ಷಯ ಮತ್ತು ಕುಷ್ಠ ಎಂಬ ಎರಡು ಪುರಾತನ ರೋಗಗಳ ಚಿಕಿತ್ಸೆಯ ಸ್ವರೂಪವನ್ನೇ ಈ ಕುಟುಂಬವು ಬದಲಾಯಿಸಿತು. ಅದರ ವಿಚಾರವಾಗಿ ತಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂಬುದೇ ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ. ಬಯಲುಸೀಮೆಯ ಒಂದು ತಾಲೂಕು ಆಸ್ಪತ್ರೆಯ ಔಷಧ ವಿಭಾಗದಲ್ಲಿ ೧೯೭೯ರಿಂದ ಮೂವತ್ತೈದು ವರ್ಷ ಸೇವೆ ಸಲ್ಲಿಸಿ ನಿವೃತ್ತನಾದವನು. ಜನರ ಬಾಯಲ್ಲಿ ನನ್ನ ಹೆಸರು ‘ಕಾಂಪೌಂಡರ್’ ಎಂದೇ ಉಳಿಯಿತು. ವೈದ್ಯರು ರೋಗಿಯನ್ನು ನೋಡುವುದು ಕೆಲವೇ ನಿಮಿಷ. ಔಷಧ ಕೊಡುವ ಕಿಟಕಿಗೆ ಮಾತ್ರ ರೋಗಿ ಮತ್ತೆ ಮತ್ತೆ ಬರುತ್ತಾನೆ. ಒಂದು ದಿನ ಬರುವುದನ್ನು ನಿಲ್ಲಿಸಲೂಬಹುದು. ಯಾರು ಬಂದರು, ಯಾರು ಬರಲಿಲ್ಲ ಎಂಬುದು ಕಿಟಕಿಯ ಹಿಂದೆ ಕುಳಿತವನಿಗೆ ತಿಳಿಯುವಷ್ಟು ಬೇರೆಯವರಿಗೆ ತಿಳಿಯುವುದಿಲ್ಲ. ಆದುದರಿಂದ ಇಲ್ಲಿ ಬರೆಯುವುದನ್ನು ವೈದ್ಯರ ಸಲಹೆಗೆ ಬದಲಾಗಿ ತಿಳಿಯಬಾರದು. ಓದಿ ತಿಳಿದದ್ದನ್ನು, ಆ ಕಿಟಕಿಯಿಂದ ಕಂಡದ್ದರ ಜೊತೆಗಿಟ್ಟು ಹೇಳುತ್ತಿದ್ದೇನೆ.

ಮೊದಲು ಶತ್ರುವಿನ ಪರಿಚಯವಾಗಬೇಕು. ಕುಷ್ಠದ ಸೂಕ್ಷ್ಮಜೀವಿಯನ್ನು ನಾರ್ವೆ ದೇಶದ ಹ್ಯಾನ್ಸೆನ್ ೧೮೭೩ರಲ್ಲಿಯೂ, ಕ್ಷಯದ ಸೂಕ್ಷ್ಮಜೀವಿಯನ್ನು ಜರ್ಮನಿಯ ರಾಬರ್ಟ್ ಕಾಖ್ ೧೮೮೨ರಲ್ಲಿಯೂ ಕಂಡುಹಿಡಿದರು. ಇವೆರಡೂ ‘ಮೈಕೋಬ್ಯಾಕ್ಟೀರಿಯ’ ಎಂಬ ಒಂದೇ ವಂಶಕ್ಕೆ ಸೇರಿದವು. ಮೈಮೇಲೆ ಮೇಣದಂಥ ಗಟ್ಟಿ ಹೊದಿಕೆ ಇರುವುದರಿಂದ ಸಾಮಾನ್ಯ ಔಷಧಗಳು ಒಳಹೋಗಲಾರವು. ಇನ್ನೊಂದು ವಿಶೇಷವೆಂದರೆ ಇವುಗಳ ನಿಧಾನ. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಅನುಕೂಲ ಸನ್ನಿವೇಶದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದಿದ್ದದ್ದು ಎರಡಾಗುತ್ತವೆ. ಕ್ಷಯದ ಜೀವಿಗೆ ಅದಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಕುಷ್ಠದ ಜೀವಿಗೆ ಎರಡು ವಾರದಷ್ಟು ಬೇಕು. ನಿಧಾನವಾಗಿ ಬೆಳೆಯುವ ಶತ್ರುವನ್ನು ಅವಸರದಿಂದ ಗೆಲ್ಲಲಾಗುವುದಿಲ್ಲ. ಈ ಒಂದು ಮಾತನ್ನು ತಾವು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುತ್ತದೆ.

ಒಂದು ಕಾಲಕ್ಕೆ ಕ್ಷಯವೆಂದರೆ ಊರ ಹೊರಗಿನ ಆರೋಗ್ಯಧಾಮ, ಒಳ್ಳೆಯ ಗಾಳಿ, ವಿಶ್ರಾಂತಿ, ಮತ್ತು ಬಂದಂತೆ ಬರಲಿ ಎಂಬ ಕಾಯುವಿಕೆ, ಇಷ್ಟೇ ಇತ್ತು. ೧೯೪೩ರಲ್ಲಿ ಅಮೆರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಅದೂ ಮಣ್ಣಿನ ಜೀವಿಯ ಕೊಡುಗೆಯೇ. ೧೯೫೨ರಲ್ಲಿ ಐಸೋನಿಯಾಜಿಡ್ ಎಂಬ ಅಗ್ಗದ ಗುಳಿಗೆ ಬಳಕೆಗೆ ಬಂದಿತು. ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಕೊಡುತ್ತಿದ್ದುದು ಸ್ಟ್ರೆಪ್ಟೊಮೈಸಿನ್ ಸೂಜಿಮದ್ದು, ಐಸೋನಿಯಾಜಿಡ್ ಮತ್ತು ಥಯಾಸೆಟಜೋನ್ ಗುಳಿಗೆಗಳು. ಚಿಕಿತ್ಸೆಯ ಅವಧಿ ಒಂದರಿಂದ ಒಂದೂವರೆ ವರ್ಷ. ದಿನಗೂಲಿಯ ಮನುಷ್ಯನಿಗೆ ಒಂದೂವರೆ ವರ್ಷವೆಂದರೆ ಎರಡು ಸುಗ್ಗಿ, ಎರಡು ಬಿತ್ತನೆ, ಒಂದು ಮದುವೆ, ಒಂದೆರಡು ಸಾಲ. ಅಷ್ಟೂ ದಿನ ತಪ್ಪದೆ ಬಂದವರ ಹೆಸರುಗಳು ನಮ್ಮ ದಾಖಲೆ ಪುಸ್ತಕದಲ್ಲಿ ವಿರಳವಾಗಿದ್ದವು.

ಇನ್ನು ರಿಫಮೈಸಿನ್‌ನ ಜನ್ಮವೃತ್ತಾಂತಕ್ಕೆ ಬರೋಣ. ೧೯೫೭ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಪೈನ್ ಮರಗಳ ಕಾಡಿನಿಂದ ತಂದ ಒಂದಿಷ್ಟು ಮಣ್ಣು ಇಟಲಿಯ ಮಿಲಾನ್ ನಗರದ ಲೆಪೆತಿ ಎಂಬ ಔಷಧ ಕಂಪನಿಯ ಪ್ರಯೋಗಾಲಯವನ್ನು ಸೇರಿತು. ಪಿಯೆರೊ ಸೆನ್ಸಿ ಅವರ ನೇತೃತ್ವದಲ್ಲಿ ಅಲ್ಲಿನ ವಿಜ್ಞಾನಿಗಳು ಆ ಮಣ್ಣಿನಲ್ಲಿ ಹೊಸದೊಂದು ಜೀವಿಯನ್ನು ಗುರುತಿಸಿದರು. ಅದು ಸ್ರವಿಸುವ ರಸದಲ್ಲಿ ರೋಗಾಣುಗಳನ್ನು ಕೊಲ್ಲುವ ಶಕ್ತಿ ಕಂಡುಬಂದಿತು. ಆ ಕಾಲದಲ್ಲಿ ‘ರಿಫಿಫಿ’ ಎಂಬ ಫ್ರೆಂಚ್ ಚಲನಚಿತ್ರ ಜನಪ್ರಿಯವಾಗಿತ್ತು. ಪ್ರಯೋಗಾಲಯದವರು ವಿನೋದಕ್ಕಾಗಿ ಆ ರಸಕ್ಕೆ ಅದರ ಹೆಸರನ್ನೇ ಇಟ್ಟರು. ಅದರಿಂದಲೇ ರಿಫಮೈಸಿನ್ ಎಂಬ ನಾಮಧೇಯ ಉಂಟಾಯಿತು. ಕೋಟ್ಯಂತರ ಜನರ ಪ್ರಾಣ ಉಳಿಸಿದ ಔಷಧಕ್ಕೆ ಕಳ್ಳರ ಕಥೆಯ ಹೆಸರು ಅಂಟಿದ್ದು ಒಂದು ಸೋಜಿಗವೇ ಸರಿ.

ಹೆಸರು ಬಂದಷ್ಟು ಸುಲಭವಾಗಿ ಔಷಧ ಬರಲಿಲ್ಲ. ಮೊದಲಿನ ರಿಫಮೈಸಿನ್‌ಗಳನ್ನು ಸೂಜಿಯ ಮೂಲಕವೇ ಕೊಡಬೇಕಾಗಿತ್ತು. ಬಾಯಿಂದ ತೆಗೆದುಕೊಂಡರೆ ಮೈಗೆ ಹತ್ತುತ್ತಿರಲಿಲ್ಲ. ಸೂಜಿಯಿಂದ ಕೊಟ್ಟದ್ದೂ ಪಿತ್ತದೊಡನೆ ಬೇಗನೆ ಹೊರಹೋಗುತ್ತಿತ್ತು. ಸೆನ್ಸಿ ಮತ್ತು ಅವರ ಸಂಗಡಿಗರು ಮೂಲವಸ್ತುವಿನ ರಚನೆಯನ್ನು ಬಗೆಬಗೆಯಾಗಿ ಮಾರ್ಪಡಿಸಿ, ನೂರಾರು ರೂಪಗಳನ್ನು ಪರೀಕ್ಷಿಸಿದರು. ಕೊನೆಗೆ ೧೯೬೫ರಲ್ಲಿ ಸಿದ್ಧವಾದದ್ದು ರಿಫಾಂಪಿಸಿನ್, ಬಾಯಿಂದ ನುಂಗಬಹುದಾದ ಔಷಧ. ೧೯೬೮ರಲ್ಲಿ ಇಟಲಿಯಲ್ಲಿಯೂ ೧೯೭೧ರಲ್ಲಿ ಅಮೆರಿಕದಲ್ಲಿಯೂ ಅದರ ಬಳಕೆಗೆ ದಾರಿಯಾಯಿತು. ೧೯೭೦ರ ದಶಕದ ಆರಂಭದಲ್ಲಿ ಪೂರ್ವ ಆಫ್ರಿಕದಲ್ಲಿ ನಡೆದ ಚಿಕಿತ್ಸಾ ಪ್ರಯೋಗಗಳು, ಈ ಔಷಧವನ್ನು ಸೇರಿಸಿದರೆ ಒಂದೂವರೆ ವರ್ಷದ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಬಹುದೆಂದು ತೋರಿಸಿಕೊಟ್ಟವು. ಆದರೆ ಬೆಲೆ ಹೆಚ್ಚಿದ್ದುದರಿಂದ ಬಡ ದೇಶಗಳ ಬಡವರಿಗೆ ಅದು ಮುಟ್ಟಲು ಬಹಳ ಕಾಲ ಹಿಡಿಯಿತು. ನಮ್ಮ ಕಿಟಕಿಗೆ ಅದು ಬಂದದ್ದು ೧೯೮೦ರ ದಶಕದ ಮಧ್ಯದಲ್ಲಿ.

ಇದು ಒಳಗೆ ಮಾಡುವ ಕೆಲಸವೇನು? ಪ್ರತಿಯೊಂದು ಜೀವಕೋಶದಲ್ಲಿಯೂ ಮೂಲಪತ್ರದಂತೆ ಡಿ.ಎನ್.ಎ. ಇರುತ್ತದೆ. ಅದನ್ನು ಓದಿ ನಕಲು ಇಳಿಸಿಕೊಡುವ ಒಂದು ಕಿಣ್ವವಿರುತ್ತದೆ. ಆ ನಕಲಿನ ಪ್ರಕಾರ ಜೀವಕೋಶದ ಸಕಲ ವ್ಯವಹಾರ ನಡೆಯುತ್ತದೆ. ರಿಫಾಂಪಿಸಿನ್ ರೋಗಾಣುವಿನ ಈ ನಕಲುಗಾರನ ಒಡಲೊಳಗೆ ಹೋಗಿ, ನಕಲು ಹೊರಬರುವ ಹಾದಿಗೆ ಅಡ್ಡವಾಗಿ ಕುಳಿತುಬಿಡುತ್ತದೆ. ಎರಡು ಮೂರು ಅಕ್ಷರ ಬರೆಯುವಷ್ಟರಲ್ಲಿ ಬರವಣಿಗೆ ನಿಂತುಹೋಗುತ್ತದೆ. ಬರವಣಿಗೆ ನಿಂತರೆ ರೋಗಾಣುವಿನ ಬದುಕೂ ನಿಂತಂತೆಯೇ. ಮನುಷ್ಯನ ಜೀವಕೋಶದಲ್ಲಿಯೂ ಇಂಥ ನಕಲುಗಾರರಿದ್ದಾರೆ. ಆದರೆ ಅವರ ಆಕಾರ ಬೇರೆಯಾದುದರಿಂದ ಔಷಧ ಅಲ್ಲಿ ಕೂಡಲಾರದು.

ಇಷ್ಟು ಬಲವುಳ್ಳ ಔಷಧವಿದ್ದ ಮೇಲೆ ಅದೊಂದನ್ನೇ ಕೊಟ್ಟರೆ ಸಾಲದೇ, ಮೂರು ನಾಲ್ಕು ಗುಳಿಗೆಗಳೇಕೆ ಎಂದು ಅನೇಕರು ಕೇಳುತ್ತಿದ್ದರು. ಇದಕ್ಕೆ ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಸುಮಾರು ಹತ್ತು ಕೋಟಿ ಕ್ಷಯಾಣುಗಳಲ್ಲಿ ಒಂದು, ಹುಟ್ಟುವಾಗಲೇ ಆಗುವ ಅಲ್ಪ ವ್ಯತ್ಯಾಸದಿಂದ, ರಿಫಾಂಪಿಸಿನ್‌ಗೆ ಬಗ್ಗದಂಥದಾಗಿರುತ್ತದೆ. ಐಸೋನಿಯಾಜಿಡ್‌ಗೆ ಬಗ್ಗದಂಥದು ಹತ್ತು ಲಕ್ಷಕ್ಕೊಂದು. ಶ್ವಾಸಕೋಶದಲ್ಲಿ ಬಿದ್ದ ಒಂದು ಗುಳಿಯಲ್ಲಿಯೇ ಹತ್ತು ಕೋಟಿ ರೋಗಾಣುಗಳಿರಬಲ್ಲವು. ಒಂದೇ ಔಷಧ ಕೊಟ್ಟರೆ ಉಳಿದವೆಲ್ಲ ಸತ್ತು ಆ ಒಂದು ಬದುಕಿ, ಅದರ ಸಂತತಿಯೇ ಶ್ವಾಸಕೋಶವನ್ನು ತುಂಬುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ಎರಡಕ್ಕೂ ಬಗ್ಗದ ರೋಗಾಣು ಇರುವ ಸಂಭವವನ್ನು ಹತ್ತು ಕೋಟಿಯನ್ನು ಹತ್ತು ಲಕ್ಷದಿಂದ ಗುಣಿಸಿ ತಿಳಿಯಬೇಕು. ಅಷ್ಟು ರೋಗಾಣುಗಳು ಯಾವ ಮನುಷ್ಯನ ಮೈಯಲ್ಲಿಯೂ ಇರಲಾರವು. ಈ ಔಷಧಗಳು ಒಂದಕ್ಕೊಂದು ಕಾವಲಾಗಿ ನಡೆಯುತ್ತವೆ. ಒಂದನ್ನು ಬಿಟ್ಟು ಒಂದನ್ನು ನುಂಗುವುದೆಂದರೆ ಆ ಕಾವಲನ್ನು ತೆಗೆದಂತೆ.

ಆರು ತಿಂಗಳೇಕೆ ಎಂಬುದು ಎರಡನೆಯ ಪ್ರಶ್ನೆ. ಎರಡು ವಾರಗಳಲ್ಲಿ ಜ್ವರ ಇಳಿಯುತ್ತದೆ, ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ. ಆಗ ರೋಗ ಹೋಯಿತೆಂದು ಯಾರಿಗಾದರೂ ತೋರಬೇಕಾದದ್ದೇ. ಆದರೆ ಎಲ್ಲ ರೋಗಾಣುಗಳೂ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಕೆಲವು ನಿದ್ರಿಸುವಂತೆ ನಿಶ್ಚಲವಾಗಿದ್ದು, ಎಂದೋ ಒಮ್ಮೆ ಅಲ್ಪಕಾಲ ಎಚ್ಚರಗೊಳ್ಳುತ್ತವೆ. ಹೊಲದಲ್ಲಿ ಕರಿಕೆಯನ್ನು ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಹಸಿರು ಹೋದ ಮಾತ್ರಕ್ಕೆ ಹೊಲ ಸ್ವಚ್ಛವಾಗಲಿಲ್ಲ. ಒಳಗೆ ಉಳಿದ ತುಣುಕು ಬೇರು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ನಿದ್ರೆಯ ರೋಗಾಣು ಅರೆಗಳಿಗೆ ಎಚ್ಚರಗೊಂಡಾಗಲೇ ಅದನ್ನು ಹಿಡಿಯಬಲ್ಲ ವೇಗ ರಿಫಾಂಪಿಸಿನ್‌ಗಿದೆ. ಈ ಔಷಧಕ್ಕಿರುವ ಹಿರಿಮೆ ಇದೇ. ಆದರೆ ಆ ಗಳಿಗೆಯಲ್ಲಿ ಔಷಧ ಮೈಯಲ್ಲಿ ಇರಬೇಕಲ್ಲವೆ? ಅದು ಇರುವಂತೆ ನೋಡಿಕೊಳ್ಳುವುದು ಮನುಷ್ಯನ ಕೆಲಸ.

ಮನುಷ್ಯನ ಕೆಲಸ ಎಲ್ಲಿ ಎಡವುತ್ತದೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ರಿಫಾಂಪಿಸಿನ್ ಇಟ್ಟಿಗೆಗೆಂಪು ಬಣ್ಣದ ವಸ್ತು. ಅದನ್ನು ನುಂಗಿದವರ ಮೂತ್ರ, ಬೆವರು, ಕಣ್ಣೀರು ಕೂಡ ಕೆಂಪಾಗುತ್ತವೆ. ಅದರಿಂದ ಅಪಾಯವೇನೂ ಇಲ್ಲ. ಆದರೆ ತಿಳಿಯದವರಿಗೆ ಅದು ರಕ್ತವೆಂದೇ ಕಾಣುತ್ತದೆ. ಬೇರೆ ಊರಿನಲ್ಲಿ ಔಷಧ ಆರಂಭಿಸಿಕೊಂಡು ಬಂದಿದ್ದ ಹೆಣ್ಣುಮಗಳೊಬ್ಬಳ ಅತ್ತೆ ಒಂದು ದಿನ ಕಿಟಕಿಗೆ ಬಂದು, “ಕಾಂಪೌಂಡರ್ ಸಾಹೇಬ್ರ, ನಮ್ಮ ಸೊಸಿಗೆ ರಕ್ತ ಹೊಂಟೈತ್ರಿ, ಆ ಗುಳಿಗೀನ ತಿಪ್ಪಿಗೆ ಒಗದೀನ್ರಿ” ಎಂದರು. ಸೊಸೆಯ ಮೇಲಿನ ಅಂತಃಕರಣದಿಂದಲೇ ಆ ತಾಯಿ ಹಾಗೆ ಮಾಡಿದ್ದರು. ಯಾರೋ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಾಗಿತ್ತು. ಅಂದಿನಿಂದ ನಿವೃತ್ತಿಯ ದಿನದವರೆಗೆ, ಔಷಧವನ್ನು ಕೈಗಿಡುವ ಮೊದಲು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ: “ನಾಳೆ ಮೂತ್ರ ಕೆಂಪಗಾಗತೈತಿ, ಹೆದರಬ್ಯಾಡ್ರಿ. ಔಷಧ ಮೈಯಾಗ ಇಳದೈತಿ ಅಂತ ತಿಳೀರಿ.”

ಇನ್ನೊಬ್ಬ ಯುವಕನ ಸಂಗತಿ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಕಟ್ಟಡದ ಕೂಲಿಗೆ ಗೋವೆಗೆ ಹೋಗುತ್ತಿದ್ದವನು. ಎರಡು ತಿಂಗಳು ನಿಯಮದಿಂದ ಔಷಧ ತೆಗೆದುಕೊಂಡು ಚೇತರಿಸಿಕೊಂಡ. ಮನೆಯಲ್ಲಿ ಸಾಲವಿತ್ತು, ಗುತ್ತಿಗೆದಾರನ ಕರೆ ಬಂದಿತು, ಹೋದ. ಅಲ್ಲಿ ಕೆಮ್ಮು ಕಂಡಾಗ ಅಂಗಡಿಯಿಂದ ನಾಲ್ಕಾರು ದಿನದ ಔಷಧ ಕೊಂಡು ನುಂಗುವುದು, ಕಡಿಮೆಯಾದೊಡನೆ ಬಿಡುವುದು, ಹೀಗೆ ಕೆಲವು ತಿಂಗಳು ಕಳೆದವು. ಅವನು ಮರಳಿ ಬಂದಾಗ ಕಫವನ್ನು ಪರೀಕ್ಷೆಗೆ ಕಳುಹಿಸಲಾಯಿತು. ರಿಫಾಂಪಿಸಿನ್ ಅವನಲ್ಲಿ ಇನ್ನು ಕೆಲಸ ಮಾಡುವುದಿಲ್ಲವೆಂಬ ಉತ್ತರ ಬಂದಿತು. ರೋಗಾಣುವಿನ ನಕಲುಗಾರನ ರಚನೆಯನ್ನು ನಿರ್ಧರಿಸುವ ಸೂತ್ರದಲ್ಲಿ ೮೧ ಅಕ್ಷರಗಳ ಒಂದು ಚಿಕ್ಕ ಭಾಗವಿದೆ. ಅದರಲ್ಲಿ ಒಂದಕ್ಷರ ಬದಲಾದರೂ ಸಾಕು, ಔಷಧಕ್ಕೆ ಕೂಡಲು ಎಡೆ ಸಿಗದಂತಾಗಬಹುದು. ಆರು ತಿಂಗಳ ಚಿಕಿತ್ಸೆ ಅವನ ಪಾಲಿಗೆ ಎರಡು ವರ್ಷದ್ದಾಯಿತು. ತಿಂಗಳುಗಟ್ಟಲೆ ಸೂಜಿಮದ್ದು ಚುಚ್ಚಿಸಿಕೊಳ್ಳಬೇಕಾಯಿತು. ಪ್ರಾಣ ಉಳಿಯಿತು, ಆ ಸೂಜಿಮದ್ದಿನಿಂದಾಗಿ ಕಿವಿ ಹೋಯಿತು. ನಂತರದ ದಿನಗಳಲ್ಲಿ ನಾನು ಹೇಳಿದ್ದನ್ನು ಅವನ ತಾಯಿ ಕೈಸನ್ನೆಯಿಂದ ಅವನಿಗೆ ತಿಳಿಸುತ್ತಿದ್ದಳು.

ಇಂಥವರನ್ನು ಬೇಜವಾಬ್ದಾರರೆಂದು ಕರೆದುಬಿಡುವುದು ಸುಲಭ. ಆದರೆ ಅದು ನ್ಯಾಯವಲ್ಲ. ೧೯೫೯ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿದ್ದ ಬ್ಯಾನರ್ಜಿ ಮತ್ತು ಆಂಡರ್‌ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ, ೧೯೬೩ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಕಫದಲ್ಲಿ ರೋಗಾಣು ಕಂಡುಬಂದವರ ಪೈಕಿ ಸರಿಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆ, ಆರೋಗ್ಯಕೇಂದ್ರಗಳಿಗೆ ಹೋಗಿ ಬಂದಿದ್ದರೆಂಬುದು ಅದರಲ್ಲಿ ತಿಳಿದುಬಂದಿತು. ಹಳ್ಳಿಗನಿಗೆ ತನ್ನ ಆರೋಗ್ಯದ ಚಿಂತೆ ಇಲ್ಲವೆಂಬ ಮಾತನ್ನು ಆ ವರದಿ ಅಂದೇ ಸುಳ್ಳುಮಾಡಿತು. ಬಂದವನನ್ನು ಕೊನೆಯವರೆಗೆ ಜೊತೆಗಿರಿಸಿಕೊಳ್ಳುವುದೇ ಉಳಿದ ಕೆಲಸ.

ಆ ಕೆಲಸವನ್ನು ಮಾಡಿದವರನ್ನೂ ನಾನು ಕಂಡಿದ್ದೇನೆ. ೧೯೯೭ರಲ್ಲಿ ಆರಂಭವಾಗಿ ೨೦೦೬ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ ಪರಿಷ್ಕೃತ ಕಾರ್ಯಕ್ರಮದಲ್ಲಿ, ಒಬ್ಬೊಬ್ಬ ರೋಗಿಯ ಸಂಪೂರ್ಣ ಔಷಧವನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಮೇಲೆ ಅವನ ಹೆಸರು ಬರೆದು ಎತ್ತಿಡುತ್ತಿದ್ದೆವು. ಅದು ಇನ್ನೊಬ್ಬರಿಗೆ ಹೋಗುವಂತಿರಲಿಲ್ಲ. ವಾರಕ್ಕೆ ಮೂರು ದಿನ ಯಾರಾದರೊಬ್ಬರ ಕಣ್ಣೆದುರಿಗೆ ನುಂಗಬೇಕಾಗಿತ್ತು. ನಮ್ಮ ಪಕ್ಕದ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿಯ ಮುದುಕರು ಈ ಹೊಣೆ ಹೊತ್ತಿದ್ದರು. ಸೋಮವಾರ, ಬುಧವಾರ, ಶುಕ್ರವಾರ ಗಿರಣಿ ಹಚ್ಚುವ ಮೊದಲು ಗುಳಿಗೆ ಕೊಡುವುದು, ಗೋಡೆಯ ಪಂಚಾಂಗದಲ್ಲಿ ಗೀರು ಹಾಕುವುದು. ರೋಗಿ ಬರದಿದ್ದರೆ ಗಿರಣಿಯನ್ನು ಮಗನಿಗೆ ಒಪ್ಪಿಸಿ ಅವನ ಮನೆಗೆ ತಾವೇ ಹೋಗುವುದು. ಉಪದೇಶ ಮಾಡುವ ಸ್ವಭಾವ ಅವರದಲ್ಲ. “ಬಂದಿಲ್ಲಲ್ಲಾ, ಅದಕ್ಕ ಬಂದೆ” ಎನ್ನುತ್ತಿದ್ದರು, ಅಷ್ಟೇ. ಅವರ ಕೈಯಲ್ಲಿ ಔಷಧ ಮುಗಿಸಿದವರು ಒಂಬತ್ತು ಜನ. ನಡುವೆ ಬಿಟ್ಟವರು ಒಬ್ಬರೂ ಇಲ್ಲ. ೨೦೧೭ರಿಂದ ಪ್ರತಿದಿನ ನುಂಗುವ ಕ್ರಮ ಬಂದಿದೆ. ಕ್ರಮ ಬದಲಾದರೂ ಅಂಥ ಹಿರಿಯರ ಅಗತ್ಯ ಬದಲಾಗಿಲ್ಲ.

ಕುಷ್ಠದ ವಿಷಯದಲ್ಲಂತೂ ರಿಫಾಂಪಿಸಿನ್ ಮಾಡಿದ ಉಪಕಾರ ದೊಡ್ಡದು. ಅದಕ್ಕೆ ಮೊದಲು ಡ್ಯಾಪ್ಸೋನ್ ಗುಳಿಗೆಯನ್ನು ಅನೇಕರು ಜೀವನಪರ್ಯಂತ ನುಂಗಬೇಕಾಗಿತ್ತು. ರೋಗಾಣು ಅದಕ್ಕೂ ಬಗ್ಗದಂತಾಗತೊಡಗಿತ್ತು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಡ್ಯಾಪ್ಸೋನ್, ಕ್ಲೋಫಜಿಮಿನ್ ಜೊತೆಗೆ ತಿಂಗಳಿಗೊಮ್ಮೆ ೬೦೦ ಮಿಲಿಗ್ರಾಂ ರಿಫಾಂಪಿಸಿನ್ ಕೊಡುವ ಬಹುಔಷಧ ಚಿಕಿತ್ಸೆಯನ್ನು ಸೂಚಿಸಿದರು. ಮೊದಲ ಒಂದು ಪ್ರಮಾಣವೇ ಕೆಲವು ದಿನಗಳಲ್ಲಿ ರೋಗಿಯನ್ನು ಇತರರಿಗೆ ರೋಗ ಅಂಟಿಸಲಾರದ ಸ್ಥಿತಿಗೆ ತರುತ್ತದೆ. ಜಗತ್ತಿನಲ್ಲಿ ಒಂದು ಕೋಟಿಗೂ ಮಿಕ್ಕಿದ ಜನ ಈ ಚಿಕಿತ್ಸೆಯಿಂದ ಗುಣಹೊಂದಿದ್ದಾರೆ. ೨೦೦೫ರ ಕೊನೆಗೆ ಭಾರತದಲ್ಲಿ ರೋಗಿಗಳ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು. ಆದರೂ ೨೦೨೨ರಲ್ಲಿ ನಮ್ಮ ದೇಶದಲ್ಲಿ ಲಕ್ಷಕ್ಕೂ ಮಿಕ್ಕಿ ಹೊಸ ರೋಗಿಗಳು ಪತ್ತೆಯಾದರು ಎಂಬುದನ್ನು ಮರೆಯಲಾಗದು.

ರಿಫಾಂಪಿಸಿನ್‌ಗೆ ಸೋದರರೂ ಇದ್ದಾರೆ. ರಿಫಾಪೆಂಟಿನ್ ಮೈಯಲ್ಲಿ ಹೆಚ್ಚು ಕಾಲ ನಿಲ್ಲುವಂಥದು. ಕ್ಷಯ ಇನ್ನೂ ತಲೆಯೆತ್ತದೆ ಒಳಗೆ ಅಡಗಿರುವವರಿಗೆ, ಐಸೋನಿಯಾಜಿಡ್ ಜೊತೆಗೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಇದನ್ನು ಕೊಟ್ಟು ರೋಗ ಬಾರದಂತೆ ತಡೆಯುತ್ತಾರೆ. ರಿಫಾಬ್ಯುಟಿನ್, ಎಚ್.ಐ.ವಿ. ಔಷಧಗಳನ್ನು ತೆಗೆದುಕೊಳ್ಳುತ್ತಿರುವವರಿಗೆ ಉಪಯುಕ್ತ. ರಿಫಾಕ್ಸಿಮಿನ್ ಕರುಳಿನಲ್ಲಿಯೇ ಉಳಿಯುವುದರಿಂದ ಕರುಳಿನ ತೊಂದರೆಗಳಿಗೆ ಮೀಸಲು. ಕ್ಷಯಕ್ಕೆ ಅದು ಬಾರದು. ಕುಷ್ಠರೋಗಿಯ ಮನೆಯವರಿಗೆ, ಪರೀಕ್ಷಿಸಿದ ನಂತರ, ರೋಗ ತಡೆಯಲು ಒಂದೇ ಒಂದು ಬಾರಿ ರಿಫಾಂಪಿಸಿನ್ ಕೊಡುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲಿ ಶಿಫಾರಸು ಮಾಡಿತು.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ರಿಫಾಂಪಿಸಿನ್ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಮೈಗೆ ಹತ್ತುತ್ತದೆ. ಅದು ಯಕೃತ್ತಿನ ಕೆಲಸವನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಗುಳಿಗೆ, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳ ಬಲ ಕುಗ್ಗುತ್ತದೆ. ಬೇರೆ ಯಾವ ಔಷಧ ನಡೆದಿದೆ ಎಂಬುದನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಕಣ್ಣು ಹಳದಿಯಾದರೆ, ಎಡೆಬಿಡದೆ ವಾಂತಿಯಾದರೆ ಒಡನೆಯೇ ಆಸ್ಪತ್ರೆಗೆ ಹೋಗಬೇಕು. ರೋಗ ರಿಫಾಂಪಿಸಿನ್‌ಗೆ ಬಗ್ಗುವುದೋ ಇಲ್ಲವೋ ಎಂಬುದನ್ನು ಸುಮಾರು ಎರಡು ಗಂಟೆಗಳಲ್ಲಿ ಹೇಳುವ ಯಂತ್ರಪರೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ೨೦೧೦ರಲ್ಲಿ ಮನ್ನಣೆ ನೀಡಿತು. ಬಗ್ಗದ ಕ್ಷಯಕ್ಕೂ ಸೂಜಿಯಿಲ್ಲದ ಆರು ತಿಂಗಳ ಚಿಕಿತ್ಸೆಯನ್ನು ಅದೇ ಸಂಸ್ಥೆ ೨೦೨೨ರಲ್ಲಿ ಸೂಚಿಸಿದೆ. ಆ ಯುವಕನ ಕಾಲಕ್ಕೆ ಇದು ಇರಲಿಲ್ಲ.

ಕೊನೆಯದಾಗಿ ತಟ್ಟೆಯ ವಿಚಾರ. ನಮ್ಮಲ್ಲಿ ಅನೇಕರು ಮಠದ ಪ್ರಸಾದನಿಲಯದಲ್ಲಿ ಸಾಲಾಗಿ ಕುಳಿತು ಉಂಡು ಓದಿದವರು. ಕ್ಷಯವೆಂದು ತಿಳಿದೊಡನೆ ರೋಗಿಯ ತಟ್ಟೆಯನ್ನು ಬೇರೆ ಇಡುವ, ಅವನನ್ನು ಪಂಕ್ತಿಯಿಂದ ಎಬ್ಬಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಈ ರೋಗ ಹರಡುವುದು ಕೆಮ್ಮಿದಾಗ ಗಾಳಿಯ ಮೂಲಕ, ತಟ್ಟೆಯಿಂದಲ್ಲ. ಸರಿಯಾದ ಔಷಧ ಆರಂಭವಾದ ಎರಡು ಮೂರು ವಾರಗಳಲ್ಲಿ ಹರಡುವ ಶಕ್ತಿ ಸಾಮಾನ್ಯವಾಗಿ ಉಡುಗುತ್ತದೆ. ೧೯೫೬ರಲ್ಲಿ ಮದರಾಸಿನಲ್ಲಿ ಆರಂಭವಾಗಿ ೧೯೫೯ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮನೆಯಲ್ಲಿಯೇ ಔಷಧ ತೆಗೆದುಕೊಂಡ ರೋಗಿಗಳು ಆರೋಗ್ಯಧಾಮದಲ್ಲಿದ್ದವರಿಗೆ ಸಮನಾಗಿ ಗುಣಹೊಂದಿದರೆಂದೂ, ಅವರಿಂದ ಮನೆಯವರಿಗೆ ಹೆಚ್ಚಿನ ಅಪಾಯವಾಗಲಿಲ್ಲವೆಂದೂ ಸಾರಿತು. ಊಟದ ಮಹತ್ವವನ್ನಂತೂ ನಮ್ಮ ನಾಡಿನವರೇ ತೋರಿಸಿದರು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ಅಕ್ಕಿ ಬೇಳೆ ಒದಗಿಸಿ ನೋಡಿದಾಗ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇಕಡಾ ೪೦ರಷ್ಟು ಕಡಿಮೆಯಾಯಿತು. ೨೦೨೩ರಲ್ಲಿ ಈ ವರದಿ ಪ್ರಕಟವಾಯಿತು. ರೋಗಿಯ ಆಹಾರಕ್ಕೆಂದು ಸರ್ಕಾರ ೨೦೧೮ರಿಂದ ಕೊಡುತ್ತಿದ್ದ ತಿಂಗಳ ೫೦೦ ರೂಪಾಯಿಯನ್ನು ೨೦೨೪ರ ನವೆಂಬರಿನಿಂದ ೧೦೦೦ಕ್ಕೆ ಏರಿಸಿದೆ. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೇನೂ ಬೇಡ.

ಓದುಗ ಬಂಧುಗಳೇ, ೨೦೨೩ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ಒಂದು ಕೋಟಿ ಎಂಟು ಲಕ್ಷ ಜನರಿಗೆ ಕ್ಷಯ ಬಂದಿತು. ಅವರಲ್ಲಿ ಸರಿಸುಮಾರು ನಾಲ್ಕರಲ್ಲೊಬ್ಬರು ನಮ್ಮ ದೇಶದವರು. ಆದುದರಿಂದ ತಮ್ಮ ಓಣಿಯಲ್ಲಿ, ಬಂಧುಬಳಗದಲ್ಲಿ, ತಮ್ಮ ಕೈಕೆಳಗೆ ದುಡಿಯುವವರಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಎರಡು ವಾರ ಮೀರಿದ ಕೆಮ್ಮು ಕಂಡರೆ ಕಫಪರೀಕ್ಷೆಗೆ ಕರೆದೊಯ್ಯಿರಿ. ಔಷಧ ನಡೆದಿದ್ದರೆ, ಮೂರನೆಯ ತಿಂಗಳಲ್ಲಿ, ಅವರು ಗುಣವಾದಂತೆ ಕಾಣುವ ಹೊತ್ತಿನಲ್ಲಿ, ತಪ್ಪದೆ ವಿಚಾರಿಸಿರಿ. ಕಿಟಕಿಗೆ ಬರುವುದು ನಿಲ್ಲುತ್ತಿದ್ದುದು ಹೆಚ್ಚಾಗಿ ಆಗಲೇ. ಆಳುಮಗ ಔಷಧಕ್ಕೆ ಹೋಗುವ ದಿನದ ಕೂಲಿಯನ್ನು ಮುರಿಯಬೇಡಿರಿ. ಮಿಲಾನಿನ ವಿಜ್ಞಾನಿಗಳು ತಮ್ಮ ಪಾಲಿನ ಕೆಲಸವನ್ನು ೧೯೬೫ರಲ್ಲಿಯೇ ಮುಗಿಸಿದ್ದಾರೆ. ಆರು ತಿಂಗಳ ನೇಮವನ್ನು ರೋಗಿಯೊಬ್ಬನೇ ಹೊರದಂತೆ ನೋಡಿಕೊಳ್ಳುವ ಭಾರ ನಮ್ಮದು.